ಶಾಖೆಯ ಹೊಣೆಯೂ ಆಟಿಸಂ ಕೂಡ: ಓದುಗರೊಬ್ಬರ ಪತ್ರಕ್ಕೆ ಉತ್ತರ

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್ ಆಗಿರುವ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ ಬರೆದಿದ್ದಾರೆ. ಮಗನಿಗೆ ಆಟಿಸಂ (ಇತರರೊಡನೆ ಬೆರೆಯುವ, ಸದ್ದು ಬೆಳಕುಗಳನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವ ಸ್ಥಿತಿ) ಇದೆಯೆಂದು ತಿಳಿದ ಮೇಲೆ ತಾವೂ ಪರೀಕ್ಷೆ ಮಾಡಿಸಿಕೊಂಡು, ತಮಗೂ ಅದು ಇರುವುದನ್ನು ನಡುವಯಸ್ಸಿನಲ್ಲಿ ಅರಿತವರು ಅವರು. ಸಾಲ ವಿಭಾಗದಲ್ಲಿದ್ದಾಗ ಕಡತಗಳಲ್ಲಿನ ಲೋಪಗಳನ್ನು ಹಿಡಿಯುವುದರಲ್ಲಿ ಹೆಸರಾಗಿದ್ದವರು, ಬಡ್ತಿ ದೊರೆತು ಶಾಖೆಯ ಹೊಣೆ ಬಂದಂದಿನಿಂದ ಸಂಜೆ ಮನೆ ಸೇರಿದ ಮೇಲೆ ಮಾತೇ ಹೊರಡದಷ್ಟು ದಣಿಯುತ್ತಿದ್ದಾರೆ. ತಾನು ಈ ಕೆಲಸಕ್ಕೆ ತಕ್ಕವಳೇ, ಕಚೇರಿಗೆ ವಿಷಯ ತಿಳಿಸಬೇಕೇ, ಬಡ್ತಿಯನ್ನೇ ಬಿಟ್ಟುಕೊಡಲೇ ಎಂಬುವು ಅವರ ಮೂರು ಪ್ರಶ್ನೆಗಳು.

ಪ್ರಿಯ ಸೋದರಿ,

ನಿಮ್ಮನ್ನು ದಣಿಸುವ ಸಂಗತಿಗಳನ್ನು ನೀವೇ ಬರೆದಿದ್ದೀರಿ: ಹೊತ್ತುಗೊತ್ತಿಲ್ಲದೆ ಬರುವ ಪ್ರಾದೇಶಿಕ ಕಚೇರಿಯ ಫೋನು, ಎಲ್ಲ ಶಾಖೆಗಳೆದುರು ಅಂಕಿ ಕೇಳುವ ಸಂಜೆಯ ವಿಡಿಯೊ ಸಭೆ, ರಜೆಯ ವಿಚಾರಕ್ಕೆ ಸಿಬ್ಬಂದಿಯ ನಡುವಿನ ಜಗಳ, ಟೋಕನ್ ಯಂತ್ರದ ನಿಲ್ಲದ ಸದ್ದು, ಕಡತ ಓದುತ್ತಿರುವಾಗಲೇ ಬಾಗಿಲು ತಳ್ಳಿಕೊಂಡು ಬರುವ ಗ್ರಾಹಕರು. ಸಾಲದ ಅರ್ಹತೆಯನ್ನು ಅಳೆಯುವುದಾಗಲಿ, ವಸೂಲಿಯ ಯೋಜನೆ ಹಾಕುವುದಾಗಲಿ, ಆಡಿಟ್‌ಗೆ ಉತ್ತರಿಸುವುದಾಗಲಿ ಈ ಪಟ್ಟಿಯಲ್ಲಿಲ್ಲ. ಅಂದರೆ ನಿಮ್ಮನ್ನು ಸೋಲಿಸುತ್ತಿರುವುದು ಆಡಳಿತದ ಹೊಣೆಯಲ್ಲ. ಆ ಹೊಣೆಯ ಸುತ್ತ ಬೆಳೆದಿರುವ ಅನಿಶ್ಚಿತತೆ, ಗದ್ದಲ, ಮತ್ತು ಇವೆರಡರಿಂದಲೂ ತಮಗೇನೂ ಆಗಿಲ್ಲವೆಂದು ದಿನವಿಡೀ ತೋರಿಸಿಕೊಳ್ಳುವ ಶ್ರಮ. ಹಿಂದಿನ ಮ್ಯಾನೇಜರ್ ಚಹಾ ಹೊತ್ತಿನಲ್ಲಿ ಎಲ್ಲರೊಡನೆ ನಗುನಗುತ್ತ ಮಾತಾಡುತ್ತಿದ್ದರು, ನಾನೂ ಹಾಗೆಯೇ ಮಾಡಲು ಯತ್ನಿಸುತ್ತೇನೆ ಎಂದಿದ್ದೀರಿ. ಸಂಜೆಗೆ ಉಳಿಯಬೇಕಾದ ಶಕ್ತಿಯ ಬಹುಪಾಲು ಅಲ್ಲಿಯೇ ಕರಗುತ್ತಿದೆ ಎಂಬುದು ನನ್ನ ಅನಿಸಿಕೆ.

ಸಂಶೋಧಕರು ಈ ದಣಿವನ್ನು ಗಂಭೀರವಾಗಿ ಪರಿಗಣಿಸತೊಡಗಿದ್ದು ಇತ್ತೀಚೆಗೆ. ಅಮೆರಿಕದ ಡೋರಾ ರೇಮೇಕರ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೇ ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಲಕ್ಷಣಗಳು ಮುಖ್ಯವಾಗಿ ಬರುತ್ತವೆ: ದೀರ್ಘಕಾಲದ ಬಳಲಿಕೆ, ಇದ್ದ ಕೌಶಲಗಳೇ ಕೈಬಿಟ್ಟಂತಾಗುವುದು, ಸದ್ದು ಬೆಳಕುಗಳನ್ನು ತಾಳುವ ಶಕ್ತಿ ಕುಗ್ಗುವುದು. ನಿಮ್ಮ ಸಂಜೆಯ ಮೌನವು ಈ ವಿವರಣೆಗೆ ಹತ್ತಿರವಾಗಿದೆ. ಆದರೆ ಖಿನ್ನತೆಯೂ ಇದೇ ರೂಪದಲ್ಲಿ ಬರಬಹುದಾದ್ದರಿಂದ, ನಿಮ್ಮನ್ನು ಪರೀಕ್ಷಿಸಿದ ವೈದ್ಯರನ್ನು ಇನ್ನೊಮ್ಮೆ ಕಾಣಿರಿ. ರಾತ್ರಿ ತಡೆಯಲಾಗದಷ್ಟು ಭಾರವೆನಿಸಿದರೆ 14416ಕ್ಕೆ ಕರೆ ಮಾಡಿ; ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಅದು ಕನ್ನಡದಲ್ಲಿಯೂ ದೊರೆಯುತ್ತದೆ.

ಇನ್ನು ಶಾಖೆಯ ವಿಷಯ. ಬ್ಯಾಂಕಿನ ಕೆಲಸವೇ ಬರವಣಿಗೆಯ ಮೇಲೆ ನಿಂತದ್ದು. ನಗದು ಕೋಣೆಯ ಕೀಲಿಗಳು ಇಬ್ಬರ ಬಳಿ ಇರುತ್ತವೆ, ಕೈಬದಲಾದಾಗಲೆಲ್ಲ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಯಾರ ನೆನಪನ್ನೂ ಯಾರ ಮುಖಭಾವವನ್ನೂ ಅಲ್ಲಿ ನಂಬಿಕೊಂಡಿರುವುದಿಲ್ಲ. ಅದೇ ಕ್ರಮವನ್ನು ಸಿಬ್ಬಂದಿಯ ವಿಚಾರಕ್ಕೂ ವಿಸ್ತರಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ರಜೆಗೆ ಯಾರು, ಎಷ್ಟು ದಿನ ಮೊದಲು ಕೇಳಬೇಕು, ಇಬ್ಬರು ಒಂದೇ ದಿನ ಕೇಳಿದರೆ ಯಾರಿಗೆ ಮೊದಲು ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ. ಜಗಳ ಬಂದಾಗ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಹೇಳಿದ್ದನ್ನು ಬರೆದುಕೊಂಡು, "ನಾಳೆ ಬೆಳಿಗ್ಗೆ ತೀರ್ಮಾನ ತಿಳಿಸುತ್ತೇನೆ" ಎನ್ನಿ. ಆ ಕ್ಷಣದಲ್ಲೇ ತೀರ್ಪು ಕೊಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕೌಂಟರ್ ತೆರೆಯುವ ಮುನ್ನ ಹತ್ತು ನಿಮಿಷ ಎಲ್ಲರೂ ಸೇರಿ ಆ ದಿನದ ಕೆಲಸ ಹಂಚಿಕೊಂಡರೆ, ನಡುನಡುವೆ ಬಂದು ಕೇಳುವ ಪ್ರಶ್ನೆಗಳು ಕಡಿಮೆಯಾಗುತ್ತವೆ. ಮಧ್ಯಾಹ್ನ ಒಂದು ಗಂಟೆ ಕಡತಗಳಿಗೆಂದು ಬಾಗಿಲು ಮುಚ್ಚಿ, ಆ ಹೊತ್ತಿನಲ್ಲಿ ಗ್ರಾಹಕರನ್ನು ಎರಡನೆಯ ಅಧಿಕಾರಿ ನೋಡಿಕೊಳ್ಳಲಿ. ಊಟದ ಹೊತ್ತನ್ನು ಒಬ್ಬರೇ ಕಳೆಯಲು ಸಂಕೋಚ ಬೇಡ. ಚಹಾ ಹೊತ್ತಿನ ಹರಟೆ ನಿಮಗೆ ಬಾರದಿದ್ದರೆ ಬೇಡ. ಮಾತಿಗೆ ತಪ್ಪದ, ಎಲ್ಲರಿಗೂ ಒಂದೇ ನಿಯಮ ಅನ್ವಯಿಸುವ ಮೇಲಧಿಕಾರಿಯನ್ನು ಸಿಬ್ಬಂದಿ ಗೌರವಿಸುತ್ತಾರೆ, ಮತ್ತು ಆ ಗುಣ ನಿಮ್ಮಲ್ಲಿದೆ ಎಂಬುದು ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ.

ಸಿಬ್ಬಂದಿಯ ಮನಸ್ಸು ನನಗೆ ಓದಲು ಬರುವುದಿಲ್ಲ ಎಂದು ನೊಂದು ಬರೆದಿದ್ದೀರಿ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದವೊಂದು ಇಲ್ಲಿ ನಿಮ್ಮ ಪರವಾಗಿದೆ. ಆಟಿಸಂ ಇರುವವರಿಗೆ ಇತರರು ಅರ್ಥವಾಗದಷ್ಟೇ ಇತರರಿಗೂ ಅವರು ಅರ್ಥವಾಗುವುದಿಲ್ಲ, ಆದ್ದರಿಂದ ಈ ತೊಡಕು ಎರಡೂ ಕಡೆಯದು ಎನ್ನುತ್ತಾರೆ ಅವರು. ಹಾಗಿರುವಾಗ ಸೇತುವೆ ಕಟ್ಟುವ ಪೂರ್ತಿ ಹೊಣೆಯನ್ನು ನೀವೊಬ್ಬರೇ ಹೊರುವುದು ನ್ಯಾಯವಲ್ಲ. "ನನಗೆ ಸೂಚ್ಯವಾಗಿ ಹೇಳಿದರೆ ತಿಳಿಯುವುದಿಲ್ಲ, ನೇರವಾಗಿ ಹೇಳಿ, ನಾನು ತಪ್ಪು ತಿಳಿಯುವುದಿಲ್ಲ" ಎಂದು ಸಿಬ್ಬಂದಿಗೆ ಹೇಳಲು ಆಟಿಸಂ ಎಂಬ ಹೆಸರನ್ನು ಎತ್ತಬೇಕಾಗಿಯೂ ಇಲ್ಲ.

ಮೇಲಿನ ಕಚೇರಿಗೆ ತಿಳಿಸುವ ಪ್ರಶ್ನೆ ಇದಕ್ಕಿಂತ ಕಠಿಣ. ಕಾನೂನು ನಿಮ್ಮ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅದರ 20ನೆಯ ಕಲಮಿನ ಪ್ರಕಾರ ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ ಸೂಕ್ತ ಹೊಂದಾಣಿಕೆ, ಅಂದರೆ ಅವರು ಕೆಲಸ ಮಾಡಲು ಬೇಕಾದ ತಕ್ಕ ಬದಲಾವಣೆ, ಮಾಡಿಕೊಡಬೇಕು, ಮತ್ತು ವೈಕಲ್ಯದ ಕಾರಣ ಮಾತ್ರಕ್ಕೆ ಬಡ್ತಿ ನಿರಾಕರಿಸುವಂತಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳೂ ಈ ವ್ಯಾಪ್ತಿಗೆ ಬರುತ್ತವೆ. 23ನೆಯ ಕಲಮು ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಲು ಹೇಳುತ್ತದೆ. ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕಾಗುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಸೂಕ್ತ ಹೊಂದಾಣಿಕೆಯನ್ನು ಆ ಮಿತಿಗೆ ಕಟ್ಟಿಹಾಕಬಾರದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಳೆತಕ್ಕೊಳಗಾಗುವ ಅಭ್ಯರ್ಥಿ ವಿಕಾಸ್ ಕುಮಾರ್ ಅವರು ಯುಪಿಎಸ್‌ಸಿ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಸ್ಪಷ್ಟಪಡಿಸಿದೆ.

ಆದರೂ ಕಾನೂನು ಕೊಡುವ ರಕ್ಷಣೆ ಬೇರೆ, ಮರುದಿನ ಬೆಳಿಗ್ಗೆ ಸಹೋದ್ಯೋಗಿಗಳ ನೋಟ ಬೇರೆ. ಆದ್ದರಿಂದ ಮೊದಲು ಬೇಕಾದುದನ್ನು ಮಾತ್ರ ಕೇಳಿ: ಸಭೆಯ ಪ್ರಶ್ನೆಗಳು ಹಿಂದಿನ ದಿನವೇ ಇ-ಮೇಲ್‌ನಲ್ಲಿ ಬರಲಿ, ತುರ್ತಲ್ಲದ ವಿಷಯಕ್ಕೆ ಫೋನಿನ ಬದಲು ಬರಹ ಬರಲಿ. ಇಷ್ಟಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಇದು ನಿರಾಕರಣೆಯಾದರೆ, ಅಥವಾ ವರ್ಗಾವಣೆಯ ಪ್ರಶ್ನೆ ಎದ್ದರೆ, ಆಗ ವೈದ್ಯರ ಪತ್ರದೊಡನೆ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಬಡ್ತಿ ಬಿಟ್ಟುಕೊಡುವ ತೀರ್ಮಾನವನ್ನು ಈ ದಣಿವಿನಲ್ಲಿ ಮಾಡಬೇಡಿ. ಬಾಕಿಯಿರುವ ರಜೆಯಲ್ಲಿ ಒಂದಿಷ್ಟನ್ನು ಮಾರ್ಚ್ ಲೆಕ್ಕ ಮುಗಿಯುವವರೆಗೆ ಕಾಯದೆ ಈಗಲೇ ಪಡೆಯಿರಿ. ಮೇಲೆ ಹೇಳಿದ ಏರ್ಪಾಡುಗಳನ್ನು ಒಂದು ತ್ರೈಮಾಸಿಕ ನಡೆಸಿ ನೋಡಿ. ಆಗಲೂ ಸಂಜೆಗಳು ಮರಳಿ ಸಿಗದಿದ್ದರೆ, ಹಿಂಬಡ್ತಿಯನ್ನು ಕೇಳದೆ, ಇದೇ ಶ್ರೇಣಿಯಲ್ಲಿ ಸಾಲ ಪರಿಶೀಲನಾ ಕೇಂದ್ರಕ್ಕೋ ತಪಾಸಣಾ ವಿಭಾಗಕ್ಕೋ ವರ್ಗಾವಣೆ ಕೋರಿ ಅರ್ಜಿ ಬರೆಯಿರಿ. ಕಡತಗಳ ಲೋಪ ಹಿಡಿಯುವ ನಿಮ್ಮ ಕಣ್ಣಿಗೆ ಅಲ್ಲಿ ತಕ್ಕ ಕೆಲಸವಿದೆ.

— ಸಂಪಾದಕ