ಗಬ್ಬದ ಕುದುರೆ, ನಾಲ್ಕು ವಾರದ ನೋಟಿಸ್: ಜಗಳ ಆಮೇಲೆ, ಮೊದಲು ಜಾಗ ನೋಡಿ

ಮೇಡಂ, ನಿಮ್ಮ ಪೋಸ್ಟ್ ಓದಿದೆ, ಕೆಳಗಿನ ಉತ್ತರಗಳನ್ನೂ ಓದಿದೆ. ಜೂನ್‌ನಲ್ಲಿ ಸವಾರಿಗೆ ಅಂತ ಕಾಬ್ ಕುದುರೆ (ಗಿಡ್ಡ, ಗಟ್ಟಿಮುಟ್ಟಾದ ತಳಿ) ತಗೊಂಡಿರಿ, ಹೊಟ್ಟೆ ಬಂದಿದ್ದು ಹುಲ್ಲು ಜಾಸ್ತಿಯಾಗಿ ಅಂದುಕೊಂಡಿರಿ, ಈಗ ನವೆಂಬರ್‌ನಲ್ಲಿ ವೆಟ್ (ಪಶುವೈದ್ಯರು) ಬಂದು ಸುಮಾರು ಏಳು ತಿಂಗಳ ಗಬ್ಬ ಅಂದರು. ಅದು ತಿಳಿದ ಮೇಲೆ ಲಿವರಿ ಯಾರ್ಡ್ (ದುಡ್ಡು ಕೊಟ್ಟು ಕುದುರೆ ಇಡುವ ಜಾಗ) ಓನರ್ 'ನಮ್ಮಲ್ಲಿ ಮರಿಗಳಿಗೆ ಜಾಗ ಇಲ್ಲ, ನಾಲ್ಕು ವಾರದಲ್ಲಿ ಖಾಲಿ ಮಾಡಿ' ಎಂದು ವಾಟ್ಸಾಪ್ ಕಳಿಸಿದರು. ಇಲ್ಲಿ ಅರ್ಧ ಜನ 'ಕದಲಬೇಡಿ, ಕೇಸ್ ಹಾಕಿ' ಎನ್ನುತ್ತಿದ್ದಾರೆ. ನಾನು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಒಂದು ಸಣ್ಣ ಸ್ಟಡ್‌ನಲ್ಲಿ (ಕುದುರೆ ತಳಿ ಬೆಳೆಸುವ ಜಾಗ) ಕೆಲಸ ಮಾಡುತ್ತೇನೆ, ನಮ್ಮ ಕೆಲಸವೇ ಕುದುರೆಗಳಿಗೆ ಮರಿ ಹಾಕಿಸುವುದು. ನನ್ನ ಮಾತು ಸ್ವಲ್ಪ ಕಹಿ ಅನ್ನಿಸಬಹುದು: ಯಾರ್ಡ್ ಓನರ್ ಹೇಳಿದ ರೀತಿ ಸರಿಯಿಲ್ಲ, ಆದರೆ ಆ ಯಾರ್ಡ್ ನಿಮ್ಮ ಕುದುರೆಗೆ ತಕ್ಕ ಜಾಗವೂ ಅಲ್ಲ. ಅವರೇ ಇರಿ ಅಂದಿದ್ದರೂ ನಾನು ಹೊರಡಿ ಎನ್ನುತ್ತಿದ್ದೆ.

ಯಾಕೆ ಅಂದರೆ, ನೀವೇ ಬರೆದಿದ್ದೀರಿ, ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುದುರೆಗಳಿವೆ, ಪ್ರತಿ ವಾರಾಂತ್ಯ ಕೆಲವು ಸ್ಪರ್ಧೆಗೆ ಹೋಗಿ ಬರುತ್ತವೆ. ಗಬ್ಬದ ಕುದುರೆಗೆ ಇದು ದೊಡ್ಡ ಅಪಾಯ. ಈಕ್ವೈನ್ ಹರ್ಪಿಸ್ ವೈರಸ್ ಅಂತ ಒಂದಿದೆ, ಇಎಚ್‌ವಿ-1. ಬೇರೆ ಕುದುರೆಗಳಿಗೆ ಅದು ಬರೀ ನೆಗಡಿ ಜ್ವರದಂತೆ ಬಂದು ಹೋಗಬಹುದು, ಆದರೆ ಗಬ್ಬದ ಕುದುರೆ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಬಹುದು, ಅಂದರೆ ಗರ್ಭಪಾತ ಆಗಬಹುದು, ಅದೂ ಮುನ್ಸೂಚನೆಯೇ ಇಲ್ಲದೆ. ಇದಕ್ಕೆ ಲಸಿಕೆ ಇದೆ, ಗಬ್ಬದ 5, 7, 9ನೇ ತಿಂಗಳಲ್ಲಿ ಹಾಕಿಸುತ್ತಾರೆ. ನಿಮಗೆ ಐದನೆಯದು ತಪ್ಪಿದೆ, ಏಳನೆಯದು ಈಗಲೇ. ಇವತ್ತೇ ವೆಟ್‌ಗೆ ಫೋನ್ ಮಾಡಿ ಕೇಳಿ. ಲಸಿಕೆ ಹಾಕಿಸಿದರೂ ಪೂರ್ತಿ ಭರವಸೆ ಇಲ್ಲ, ಅದಕ್ಕೇ ಸ್ಟಡ್‌ಗಳಲ್ಲಿ ಗಬ್ಬದ ಕುದುರೆಗಳನ್ನು ಓಡಾಡುವ ಕುದುರೆಗಳಿಂದಲೂ ಎಳೆಯ ಕುದುರೆಗಳಿಂದಲೂ ದೂರ ಇಡುತ್ತೇವೆ.

ಇನ್ನು ಯಾರ್ಡ್ ಓನರ್ ಕಡೆಯಿಂದಲೂ ನೋಡಿ. ಮರಿ ಹುಟ್ಟಿದರೆ ಒಂದೆರಡು ವಾರದ ವಿಷಯವಲ್ಲ, ಹಾಲು ಬಿಡಿಸುವುದಕ್ಕೇ ಸುಮಾರು ಆರು ತಿಂಗಳು. ಅಷ್ಟು ದಿನ ಒಂದು ಹುಲ್ಲುಗಾವಲನ್ನು ತಾಯಿ ಮರಿಗೆ ಬೇರೆ ಬಿಡಬೇಕು. ಗಂಡು ಕುದುರೆಗಳ ಗುಂಪಿನಲ್ಲಿ ಬಿಟ್ಟರೆ ಬೀಜ ಒಡೆಸಿದವು ಕೂಡ ಮರಿಯನ್ನು ಅಟ್ಟಿಸಿಕೊಂಡು ಹೋಗುತ್ತವೆ. ಬೇಲಿಯ ಕೆಳಗಿನ ತಂತಿ ಎತ್ತರಕ್ಕಿದ್ದರೆ ಮರಿ ನುಸುಳಿ ಆಚೆ ಹೋಗುತ್ತದೆ. ಅವರ ಇನ್ಶೂರೆನ್ಸ್‌ನಲ್ಲಿ ಇದೆಲ್ಲ ಸೇರಿಲ್ಲದೇ ಇರಬಹುದು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಲಿವರಿ ಅಂದರೆ ಒಪ್ಪಂದ, ಅಷ್ಟೇ. ಮನೆ ಬಾಡಿಗೆಗೆ ಇರುವವರಿಗೆ ಸಿಗುವ ರಕ್ಷಣೆ ಇದಕ್ಕಿಲ್ಲ. ಒಪ್ಪಂದದಲ್ಲಿ ನಾಲ್ಕು ವಾರ ಅಂತ ಇದ್ದರೆ ನಾಲ್ಕು ವಾರ, ಬರಹದಲ್ಲಿ ಏನೂ ಇಲ್ಲದಿದ್ದರೆ ನ್ಯಾಯವೆನಿಸುವಷ್ಟು ಕಾಲ ಕೊಡಬೇಕು, ನಾಲ್ಕು ವಾರ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. ಹಾಗಂತ ನಾಳೆಯೇ ಕುದುರೆಯನ್ನು ಗೇಟಿನ ಆಚೆ ಕಟ್ಟುವ ಹಾಗಿಲ್ಲ, 2006ರ ಪ್ರಾಣಿ ಕಲ್ಯಾಣ ಕಾಯ್ದೆ ಕುದುರೆ ಯಾರ ವಶದಲ್ಲಿದೆಯೋ ಅವರ ಮೇಲೂ ಹೊಣೆ ಹಾಕುತ್ತದೆ. ಬಾಕಿ ಏನಿದ್ದರೂ ಕೊಟ್ಟು ರಸೀದಿ ಇಟ್ಟುಕೊಳ್ಳಿ, ಕುದುರೆಯ ಪಾಸ್‌ಪೋರ್ಟ್ (ಅದರ ಗುರುತಿನ ದಾಖಲೆ) ಯಾರ್ಡ್ ಆಫೀಸಿನಲ್ಲಿದ್ದರೆ ಈಗಲೇ ಕೈಗೆ ತಗೊಳ್ಳಿ, ಅದಿಲ್ಲದೆ ಸಾಗಿಸುವಂತಿಲ್ಲ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವ ಇದ್ದರೆ ಅವರ ಕಾನೂನು ಸಹಾಯವಾಣಿಗೆ ಮಾತಾಡಬಹುದು. ಸಿಟ್ಟು ಮಾಡಿಕೊಳ್ಳಬೇಕು ಅಂದರೆ ಮಾರಿದವರ ಮೇಲೆ ಮಾಡಿಕೊಳ್ಳಿ. ಕುದುರೆ ವ್ಯಾಪಾರಿಯಿಂದ ತಗೊಂಡಿದ್ದರೆ 2015ರ ಗ್ರಾಹಕ ಹಕ್ಕು ಕಾಯ್ದೆ ನಿಮಗೆ ಅನ್ವಯಿಸುತ್ತದೆ, ಆರು ತಿಂಗಳು ಮುಗಿಯುವುದರೊಳಗೆ ಬರಹದಲ್ಲಿ ದೂರು ಕೊಡಿ. ನಿಮ್ಮ ಲೆಕ್ಕದಲ್ಲಿ ಡಿಸೆಂಬರ್‌ಗೆ ಆರು ತಿಂಗಳು ಆಗಿಬಿಡುತ್ತದೆ.

ಈಗ ಮುಖ್ಯವಾದದ್ದು, ತಾರೀಖು. ಕುದುರೆಯ ಗಬ್ಬ ಸುಮಾರು 340 ದಿನ, 320ರಿಂದ 365ರವರೆಗೆ ಹೆಚ್ಚುಕಡಿಮೆ ಆಗುತ್ತದೆ. ಇಲ್ಲಿನ ಸಾಗಣೆ ನಿಯಮದ ಪ್ರಕಾರ ಗಬ್ಬದ ಅವಧಿಯಲ್ಲಿ 90 ಶೇಕಡಾ ಕಳೆದ ಪ್ರಾಣಿ ಪ್ರಯಾಣಕ್ಕೆ ಯೋಗ್ಯವಲ್ಲ. ಕೆಲವು ವಿನಾಯಿತಿ ಇವೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. 340ರಲ್ಲಿ 90 ಶೇಕಡಾ ಅಂದರೆ 306ನೇ ದಿನ. ನಿಮ್ಮದು ಯಾವಾಗ ಕಟ್ಟಿತು ಅಂತಲೇ ಗೊತ್ತಿಲ್ಲ, ವೆಟ್ ಹೇಳಿದ್ದು ಅಂದಾಜು. ಸ್ಕ್ಯಾನ್‌ನಲ್ಲಿ ಮರಿಯ ಕಣ್ಣಿನ ಅಳತೆ ನೋಡಿ ವಯಸ್ಸು ಇನ್ನಷ್ಟು ಹತ್ತಿರಕ್ಕೆ ಹೇಳಬಹುದು, ಅದನ್ನು ಕೇಳಿ. 'ಕೇಸ್ ಹಾಕಿ, ಸ್ಟೇ ತನ್ನಿ' ಅನ್ನುವವರ ಮಾತು ಕೇಳಿ ಜನವರಿ ಕಳೆದರೆ ಆಮೇಲೆ ನೀವು ಗೆದ್ದರೂ ಕುದುರೆಯನ್ನು ಸಾಗಿಸುವ ಸಮಯ ಮುಗಿದಿರುತ್ತದೆ.

ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕುದುರೆಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ಎಲ್ಲ ಗಿಣ್ಣು ಹಾಲಿನಿಂದಲೇ ಬರಬೇಕು, ಅದೂ ಮೊದಲ 24 ಗಂಟೆಯೊಳಗೆ, ಬೇಗ ಕುಡಿದಷ್ಟೂ ಒಳ್ಳೆಯದು. ತಾಯಿ ಯಾವ ಜಾಗದಲ್ಲಿರುತ್ತಾಳೋ ಆ ಜಾಗದ ರೋಗಾಣುಗಳಿಗೆ ತಕ್ಕ ಹಾಗೆ ಗಿಣ್ಣು ತಯಾರಾಗುತ್ತದೆ. ಅದಕ್ಕೇ ಈಯುವ ಜಾಗಕ್ಕೆ ಕನಿಷ್ಠ ನಾಲ್ಕರಿಂದ ಆರು ವಾರ ಮೊದಲು ಬಂದಿರಬೇಕು ಅನ್ನುವುದು. ಟೆಟನಸ್ ಬೂಸ್ಟರ್ ಕೂಡ ಅದೇ ಹೊತ್ತಿಗೆ. ನೀವು ಡಿಸೆಂಬರ್‌ನಲ್ಲಿ ಹೋದರೆ ಎಲ್ಲಕ್ಕೂ ಸಮಯ ಸಿಗುತ್ತದೆ.

ಎಲ್ಲಿ ಹುಡುಕುವುದು? ಫೇಸ್‌ಬುಕ್‌ನಲ್ಲಿ 'ಲಿವರಿ ಬೇಕು' ಅಂತ ಹಾಕಿದರೆ ಇನ್ನೊಂದು ಅಂಥದೇ ಯಾರ್ಡ್ ಸಿಗುತ್ತದೆ. ನಿಮ್ಮ ವೆಟ್‌ನ್ನು ಕೇಳಿ, ಲಾಳ ಹೊಡೆಯುವವರನ್ನು ಕೇಳಿ. ಸುತ್ತಮುತ್ತ ಯಾರು ಮರಿ ಹಾಕಿಸುತ್ತಾರೆ ಅಂತ ಅವರಿಬ್ಬರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. 'ಫೋಲಿಂಗ್ ಲಿವರಿ', ಅಂದರೆ ಮರಿ ಹಾಕಿಸುವವರೆಗೆ ಕುದುರೆ ಇಟ್ಟುಕೊಂಡು ನೋಡಿಕೊಳ್ಳುವ ಸೇವೆ, ಕೊಡುವ ಸ್ಟಡ್ ಇದ್ದರೆ ಅದೇ ಒಳ್ಳೆಯದು. ದುಡ್ಡು ಜಾಸ್ತಿ, ನಿಜ. ಆದರೆ ನಿಮಗೆ ಇದು ಮೊದಲ ಸಲ, ಕುದುರೆ ಮಧ್ಯರಾತ್ರಿ ಮರಿ ಹಾಕುವುದೇ ಹೆಚ್ಚು, ನೀವು ಇರುವುದು ಯಾರ್ಡ್‌ನಿಂದ ನಲವತ್ತು ನಿಮಿಷ ದೂರ. ಊರಿನಲ್ಲಿ ಹಸು ಈಯುವುದು ನೋಡಿದ್ದೇನೆ ಅಂತ ಬರೆದಿದ್ದೀರಿ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಗಿರಬೇಕು. ಬಿಳಿ ಚೀಲದ ಬದಲು ಕೆಂಪು ಮಖಮಲ್ಲಿನಂಥ ಚೀಲ ಕಂಡರೆ ಮಾಸು ಮೊದಲೇ ಬಿಡಿಸಿಕೊಂಡಿದೆ ಅಂತ ಅರ್ಥ, ಅಲ್ಲೇ ಆಗಲೇ ಅದನ್ನು ಹರಿಯಬೇಕು, ವೆಟ್ ಬರುವವರೆಗೆ ಕಾಯುವಂತಿಲ್ಲ. ಪಕ್ಕದಲ್ಲಿ ತಿಳಿದವರು ಇರಲೇಬೇಕು.

ಜಾಗ ನೋಡಲು ಹೋದಾಗ ಅವರು ತೋರಿಸುವ ಕ್ಲಬ್ ರೂಮ್, ಮಳೆಗೆ ನೆನೆಯದ ಅರೀನಾ ಬಿಡಿ. ರಾತ್ರಿ ಯಾರು ಇರುತ್ತಾರೆ, ಕ್ಯಾಮೆರಾ ಇದೆಯಾ ಅಂತ ಕೇಳಿ. ಮಾಮೂಲಿ 12 ಅಡಿ ಚೌಕದ ಲಾಯ ಸಾಲದು, 14–16 ಅಡಿ ಬೇಕು. ಹುಲ್ಲುಗಾವಲಲ್ಲಿ, ಪಕ್ಕದ ಹೊಲದ ಅಂಚಿನಲ್ಲೂ, ಸಿಕಮೋರ್ ಮರ ಇದೆಯಾ ನೋಡಿ. ಅದರ ಬೀಜ, ವಸಂತದಲ್ಲಿ ಬರುವ ಮೊಳಕೆ ಎರಡೂ ಕುದುರೆಗೆ ವಿಷ. ಮುಳ್ಳುತಂತಿ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಇನ್ನೊಂದು ತಾಯಿ ಮರಿ ಜೋಡಿ ಇರುವ ಜಾಗ ಸಿಕ್ಕರೆ ಬಿಡಬೇಡಿ, ಮರಿಗೆ ಜೊತೆ ಬೇಕು.

ಒಳ್ಳೆಯ ಜಾಗದವರು ಕುದುರೆ ಬರುವ ಮೊದಲು ಸ್ಟ್ರ್ಯಾಂಗಲ್ಸ್ (ಕುದುರೆಗಳಲ್ಲಿ ಬೇಗ ಹರಡುವ ಗಂಟಲಿನ ಸೋಂಕು) ರಕ್ತ ಪರೀಕ್ಷೆ ಕೇಳುತ್ತಾರೆ, ಬಂದ ಮೇಲೆ ಎರಡು ಮೂರು ವಾರ ಬೇರೆ ಇಡುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಕೇಳದವರ ಹತ್ತಿರ ಹೋಗಬೇಡಿ. ವೆಟ್ ಲಸಿಕೆಗೆ ಬಂದಾಗಲೇ ಆ ರಕ್ತವನ್ನೂ ತೆಗೆಸಿಬಿಡಿ, ಇಲ್ಲದಿದ್ದರೆ ಇನ್ನೊಂದು ವಿಸಿಟ್ ಫೀಸ್. ಮತ್ತೆ ನೀವು ಇರುವ ಕೌಂಟಿ ಯಾವುದು ಅಂತ ಇಲ್ಲಿ ಬರೆಯಿರಿ, ಆ ಕಡೆಯವರು ಗುಂಪಿನಲ್ಲಿದ್ದರೆ ಜಾಗ ಹೇಳುತ್ತಾರೆ.