ಕೊಬ್ಬರಿ ಎಣ್ಣೆ ಬಿಡಿ, ಕಡಲೆಕಾಯಿ ಎಣ್ಣೆ ಹಿಡಿಯಿರಿ

ನಮಸ್ಕಾರ. ತಿಪಟೂರಿನಿಂದ ನೀವು ಕಳಿಸಿದ ‘ಲೋಹಗಳ ಮಾಯೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಕಾರಣ ಹೇಳುತ್ತೇನೆ.

ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ನಿಮ್ಮ ಲೇಖನದಲ್ಲಿ ಲೋಹ) ಅಂದರೆ ಮದುವೆ ಬ್ರೋಕರ್ ಇದ್ದ ಹಾಗೆ, ಗಂಡು ಹೆಣ್ಣನ್ನು ಸೇರಿಸಿ ತಾನು ದೂರ ನಿಲ್ಲುತ್ತದೆ ಅಂತ ಶುರು ಮಾಡಿದ್ದೀರಿ. ಓದೋಕೆ ಚೆನ್ನಾಗಿದೆ, ಆದರೆ ತಪ್ಪು. ಲೋಹ ದೂರ ನಿಲ್ಲುವುದೇ ಇಲ್ಲ. ನೀವೇ ಬರೆದಿರುವ, ಎರಡು ಕಾರ್ಬನ್ ಗುಂಪುಗಳನ್ನು ಬೆಸೆಯುವ ಸುಝುಕಿ ಕ್ರಿಯೆ ನೋಡಿ: ಪಲ್ಲಾಡಿಯಂ ಪರಮಾಣು ಕಾರ್ಬನ್ ಮತ್ತು ಬ್ರೋಮಿನ್ ನಡುವೆ ನುಗ್ಗಿ ಎರಡನ್ನೂ ತನಗೇ ಕಟ್ಟಿಕೊಳ್ಳುತ್ತದೆ, ಆಮೇಲೆ ಬ್ರೋಮಿನ್ ಬಿಟ್ಟು ಬೋರಾನ್ ಹತ್ತಿರವಿದ್ದ ಇನ್ನೊಂದು ಕಾರ್ಬನ್ ಗುಂಪನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಎರಡು ಕಾರ್ಬನ್‌ಗಳನ್ನೂ ಜೋಡಿಸಿ ಮೊದಲಿನ ಹಾಗೆ ಬರಿಗೈಲಿ ಹೊರಬರುತ್ತದೆ. ಇದನ್ನು ಒಂದೇ ಸಾಲಲ್ಲಿ ಮುಗಿಸಿ, ಈ ಕೆಲಸಕ್ಕೆ ಸಿಕ್ಕ 2010ರ ನೊಬೆಲ್ ಸಮಾರಂಭಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಲ್ಲ! ಹೆಕ್, ನೆಗಿಶಿ, ಸುಝುಕಿ ಅಂತ ಮೂರು ಹೆಸರು ಸಾಕು.

ಇನ್ನು ವನಸ್ಪತಿ, ಅಂದರೆ ಡಾಲ್ಡಾ. ನಿಕಲ್ ಪುಡಿ ಹಾಕಿ, ಹೈಡ್ರೋಜನ್ ಹಾಯಿಸಿ ಎಣ್ಣೆಯನ್ನು ಗಟ್ಟಿ ಮಾಡುವುದಕ್ಕೆ ಕೊಬ್ಬರಿ ಎಣ್ಣೆಯ ಉದಾಹರಣೆ ಕೊಟ್ಟಿದ್ದೀರಿ. ಊರಿನ ಅಭಿಮಾನ ಅರ್ಥವಾಗುತ್ತದೆ. ಆದರೆ ಅದರಲ್ಲಿ ಶೇ. 90ರಷ್ಟು ಕೊಬ್ಬು ಮೊದಲೇ ಹೈಡ್ರೋಜನ್ ತುಂಬಿಕೊಂಡಿರುತ್ತದೆ, ನಿಕಲ್‌ಗೆ ಅಲ್ಲೇನು ಕೆಲಸ? ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚೋಣ ಅಂದರೆ ಬಾಟಲಿ ಬೋರಲು ಹಾಕಿದರೂ ಇಳಿಯಲ್ಲ, ಅಲ್ವಾ? ಅಡುಗೆಮನೆಯ ಕಡಲೆಕಾಯಿ ಎಣ್ಣೆ ಮಾತ್ರ ನೀರಾಗೇ ಇರುತ್ತದೆ. ಅದರ ಕಾರ್ಬನ್ ಸರಪಳಿಗಳಲ್ಲಿ ಜೋಡಿಬಂಧಗಳಿವೆ (ಎರಡು ಕಾರ್ಬನ್‌ಗಳ ನಡುವೆ ಎರಡು ಕೊಂಡಿ, ಇನ್ನೂ ಹೈಡ್ರೋಜನ್ ಸೇರಬಹುದಾದ ಜಾಗ), ಅಲ್ಲಲ್ಲಿ ಸೊಟ್ಟಗಿರುವುದರಿಂದ ಒತ್ತಾಗಿ ಕೂರುವುದಿಲ್ಲ. ಪಾವಗಡದ ಕಡಲೆಕಾಯಿ ನಮ್ಮ ಜಿಲ್ಲೆಯದೇ, ಅದನ್ನೇ ಹಿಡಿಯಿರಿ.

ಮುಖ್ಯವಾದದ್ದು ಇಲ್ಲಿದೆ. ನಿಕಲ್ ಮೈಮೇಲೆ ಹೈಡ್ರೋಜನ್ ಅಣು ಒಡೆದು ಎರಡಾಗುತ್ತದೆ, ಆ ಎರಡು ಪರಮಾಣುಗಳು ಜೋಡಿಬಂಧಕ್ಕೆ ಒಂದಾದ ಮೇಲೊಂದು ಸೇರಬೇಕು. ಒಂದು ಸೇರಿ ಇನ್ನೊಂದು ಬರುವುದು ತಡವಾಯಿತು ಅನ್ನಿ. ಅಷ್ಟರಲ್ಲಿ ಸರಪಳಿ ಆ ಜಾಗದಲ್ಲಿ ತಿರುಗಿಬಿಡುತ್ತದೆ, ಒಂದು ಹೈಡ್ರೋಜನ್ ವಾಪಸ್ ಕೊಟ್ಟು ಮತ್ತೆ ಜೋಡಿಬಂಧವೇ ಆಗುತ್ತದೆ, ಆದರೆ ಈ ಸಲ ನೆಟ್ಟಗೆ. ಅದೇ ಟ್ರಾನ್ಸ್ ಕೊಬ್ಬು. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ. 2 ಮೀರುವಂತಿಲ್ಲ. ನೀವು ‘ಹಾನಿಕರ’ ಅಂತ ನಾಲ್ಕು ಸಲ ಬರೆದಿದ್ದೀರಿ, ಎಲ್ಲಿಂದ ಬಂತು ಅಂತ ಒಮ್ಮೆಯೂ ಹೇಳಿಲ್ಲ.

ಕಡಲೆಕಾಯಿ ಎಣ್ಣೆಯಿಂದಲೇ ಶುರು ಮಾಡಿ ಮತ್ತೆ ಬರೆಯಿರಿ, ಪಲ್ಲಾಡಿಯಂ ಆಮೇಲೆ ಬರಲಿ. ಶೀರ್ಷಿಕೆಯಲ್ಲಿ ‘ಮಾಯೆ’ ಬೇಡ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.