ಕಾಕತಾಳೀಯ ಎಲ್ಲಿರಬೇಕು ಅನ್ನೋದೇ ಪ್ರಶ್ನೆ

‘ಮುಂಗಾರು ಮಳೆ’ಯ ಕಾಕತಾಳೀಯ ಒಪ್ಪಿದ ಜನ ನಿಮ್ಮ ಕಿರುಚಿತ್ರದ ಏರ್‌ಪೋರ್ಟ್ ಕ್ಲೈಮ್ಯಾಕ್ಸಿಗೆ ಯಾಕೆ ನಕ್ಕರು ಅಂತ ಕೇಳಿದ್ದೀರಿ. ಕಾಕತಾಳೀಯ ಕಥೆಯಲ್ಲಿ ಎಲ್ಲಿ ಬರುತ್ತೆ ನೋಡಿ. 2006ರ ಆ ಚಿತ್ರದಲ್ಲಿ ಬೆಂಗಳೂರಿನ ಮಾಲ್ ಹತ್ತಿರ ಕಂಡವಳೇ ಮಡಿಕೇರಿಯಲ್ಲಿ ಸಿಗುತ್ತಾಳೆ, ಅದೂ ಮದುವೆ ನಿಶ್ಚಯವಾಗಿ. ಶುರುವಲ್ಲೇ ನಾಯಕ ಪೇಚಿಗೆ ಸಿಕ್ಕಿಬೀಳುತ್ತಾನೆ; ಕೊನೆಗೆ ಅದೃಷ್ಟ ಕೈ ಹಿಡಿಯಲ್ಲ, ಅವನೇ ಬಿಟ್ಟುಕೊಡುತ್ತಾನೆ.

ನಿಮ್ಮದರಲ್ಲಿ ವಿಮಾನ ತಡವಾಗಿ ಗಂಟು ತಾನಾಗೇ ಬಿಚ್ಚಿಕೊಳ್ಳುತ್ತೆ. ಸಾಲದ್ದಕ್ಕೆ, ಟಿಕೆಟ್ ಇಲ್ಲದವನನ್ನು ಏರ್‌ಪೋರ್ಟ್ ಕಾಯುವ ಭದ್ರತಾ ಪಡೆ ಸಿಐಎಸ್‌ಎಫ್‌ನವರು ಟರ್ಮಿನಲ್ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಿಮ್ಮ ನಾಯಕ ಟಿಕೆಟ್ ಇಲ್ಲದೆ ಬೋರ್ಡಿಂಗ್ ಗೇಟ್‌ವರೆಗೆ ಓಡಿದನೋ, ಪ್ರೇಕ್ಷಕ ಕಥೆಯಿಂದ ಹೊರಬಿದ್ದ ಹಾಗೇ.

ದೃಶ್ಯವನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿಗೆ ಹಾಕಿ, ಅಲ್ಲಿ ಯಾರೂ ತಡೆಯಲ್ಲ. ಬಸ್ ತಡವಾಗಲೇಬೇಕಾ? ಹಾಗಾದರೆ ಎರಡು ದೃಶ್ಯ ಮೊದಲೇ ಕಂಡಕ್ಟರ್ ಟೀ ಹೀರುತ್ತಾ ಗೊಣಗಲಿ: ‘ಈ ಗಾಡಿ ಯಾವತ್ತು ಟೈಮಿಗೆ ಹೊರಟಿದೆ?’